ನಿಲುವು, ದಿಕ್ಕು, ನಡೆ: ಶಾಲೆಗಾಗಿ ರಚಿತವಾದ ಒಂದು ಕರಾಟೆ ಕಾತಾ

ಶಿಕ್ಷಣವೆಂಬುದು ಕೇವಲ ಬುದ್ಧಿಯ ಸಂಸ್ಕಾರವಲ್ಲ, ದೇಹಕ್ಕೂ ಅದರಲ್ಲಿ ಸಮಪಾಲುಂಟೆಂಬ ಮಾತನ್ನು ಎಲ್ಲ ದೇಶಗಳ ಶಿಕ್ಷಣವೇತ್ತರೂ ಒಪ್ಪಿದ್ದಾರೆ. ಆದರೆ ಗುರುವೊಬ್ಬನು ತನ್ನ ಅಂಗಳದಲ್ಲಿ ಒಬ್ಬಿಬ್ಬರು ಶಿಷ್ಯರಿಗೆ ವರ್ಷಗಟ್ಟಲೆ ಕಲಿಸುತ್ತಿದ್ದ ವಿದ್ಯೆಯನ್ನು, ನೂರು ಮಕ್ಕಳು ಸಾಲಾಗಿ ನಿಂತ ಶಾಲೆಯ ಬಯಲಿಗೆ ತರುವುದು ಹೇಗೆ? ತಂದಾಗ ಅದರ ಸತ್ತ್ವದಲ್ಲಿ ಉಳಿಯುವುದೆಷ್ಟು, ಅಳಿಯುವುದೆಷ್ಟು? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಓಕಿನಾವಾ ದ್ವೀಪದ ವೃದ್ಧ ಆಚಾರ್ಯರೊಬ್ಬರು ಕಂಡುಕೊಂಡ ಉತ್ತರವೇ ಇಂದು ಜಗತ್ತಿನ ಅಸಂಖ್ಯ ಬಾಲಕ ಬಾಲಕಿಯರು ಕರಾಟೆಯ ಮೊದಲ ಪಾಠಗಳಲ್ಲಿ ಕಲಿಯುವ ‘ಹೇಯಾನ್ ಶೋದಾನ್’ ಎಂಬ ಕಾತಾ. ಇದರ ನಿಲುವುಗಳನ್ನೂ ದಿಕ್ಕುಗಳನ್ನೂ ನಡೆಯ ತತ್ತ್ವಗಳನ್ನೂ ಪರಿಶೀಲಿಸಿದರೆ, ಹೊಡೆದಾಟದ ಪಾಠಕ್ಕಿಂತ ಹೆಚ್ಚಾಗಿ ಒಂದು ಸುವಿಚಾರಿತ ಪಠ್ಯಕ್ರಮವೇ ಕಣ್ಣಿಗೆ ಬೀಳುತ್ತದೆ.

ಹಿನ್ನೆಲೆ

ಜಪಾನಿನ ಕ್ಯೂಶೂ ದ್ವೀಪಕ್ಕೂ ತೈವಾನಿಗೂ ನಡುವೆ ಹರಡಿರುವ ದ್ವೀಪಮಾಲೆಯಲ್ಲಿ ಓಕಿನಾವಾ ದೊಡ್ಡದು. ಒಂದು ಕಾಲಕ್ಕೆ ಇದು ರ್ಯೂಕ್ಯೂ ಎಂಬ ಸ್ವತಂತ್ರ ರಾಜ್ಯವಾಗಿತ್ತು. ಶುರಿ ಅದರ ರಾಜಧಾನಿ. 1609ರಲ್ಲಿ ಜಪಾನಿನ ಸಾತ್ಸುಮಾ ಪಾಳೆಯದವರು ಅದನ್ನು ಗೆದ್ದು ತಮ್ಮ ಅಂಕಿತಕ್ಕೆ ಒಳಪಡಿಸಿಕೊಂಡರು. 1879ರಲ್ಲಿ ರಾಜಪದವಿಯೇ ರದ್ದಾಗಿ ಓಕಿನಾವಾ ಜಪಾನಿನ ಒಂದು ಪ್ರಾಂತವಾಯಿತು. ಈ ನಾಡಿನಲ್ಲಿ ಸ್ಥಳೀಯವಾಗಿ ಬೆಳೆದ ಬರಿಗೈಯ ಕಾಳಗದ ವಿದ್ಯೆಯೊಂದು ಚೀನದ ಸಂಪರ್ಕದಿಂದ ಪುಷ್ಟಿಗೊಂಡು, ಶುರಿ, ನಾಹಾ, ತೋಮಾರಿ ಎಂಬ ಊರುಗಳಲ್ಲಿ ಗುರುಶಿಷ್ಯಪರಂಪರೆಯಾಗಿ, ಬಹುಮಟ್ಟಿಗೆ ಗುಟ್ಟಾಗಿ, ಉಳಿದುಬಂದಿತ್ತು. ‘ಚೀನೀ ಕೈ’ ಎಂಬ ಅರ್ಥದ ‘ತೋದೆ’ ಎಂಬುದು ಅದರ ಹೆಸರುಗಳಲ್ಲೊಂದು. ಅದೇ ಲಿಪಿಚಿಹ್ನೆಗಳನ್ನು ‘ಕರಾಟೆ’ ಎಂದೂ ಓದಬಹುದಾಗಿತ್ತು. ‘ಬರಿಗೈ’ ಎಂಬ ಇಂದಿನ ಅರ್ಥವನ್ನು ಕೊಡುವ ಚಿಹ್ನೆ ನೆಲೆಗೊಂಡದ್ದು ತರುವಾಯದ ಕಾಲದಲ್ಲಿ. 1936ರಲ್ಲಿ ನಾಹಾದಲ್ಲಿ ಸೇರಿದ ಆಚಾರ್ಯರ ಸಭೆ ಈ ಬರವಣಿಗೆಗೆ ಸಮ್ಮತಿಯನ್ನಿತ್ತಿತು.

ಈ ವಿದ್ಯೆಯನ್ನು ಗುಪ್ತತೆಯಿಂದ ಬಯಲಿಗೆ ತಂದವರಲ್ಲಿ ಪ್ರಮುಖರು ಇತೋಸು ಆಂಕೋ (1831–1915). ಶುರಿಯ ಮಾತ್ಸುಮುರಾ ಸೋಕೋನರ ಶಿಷ್ಯರಾದ ಇವರು ರ್ಯೂಕ್ಯೂ ಅರಮನೆಯ ಆಡಳಿತದಲ್ಲಿ ಲಿಪಿಕಾರರಾಗಿ ಸೇವೆ ಸಲ್ಲಿಸಿದ್ದರು. ಎಪ್ಪತ್ತರ ವಯಸ್ಸಿನಲ್ಲಿ, ಅಂದರೆ 1901ರಲ್ಲಿ, ಶುರಿಯ ಪ್ರಾಥಮಿಕ ಶಾಲೆಯಲ್ಲಿ ಈ ವಿದ್ಯೆಯ ಬೋಧನೆಗೆ ನಾಂದಿ ಹಾಡಿದರು. 1905ರಿಂದ ಪ್ರಾಂತದ ಪ್ರಥಮ ಮಾಧ್ಯಮಿಕ ಶಾಲೆಯಲ್ಲೂ ಕಲಿಸತೊಡಗಿದರು. ಶಾಲೆಯ ಮಕ್ಕಳಿಗೆ ಹಳೆಯ ದೀರ್ಘವಾದ ಕಾತಾಗಳು ಭಾರವಾಗುವುದನ್ನು ಅರಿತು ಐದು ಕಿರುಕಾತಾಗಳನ್ನು ಸಿದ್ಧಪಡಿಸಿದರು. ಅವುಗಳ ಹೆಸರು ‘ಪಿನಾನ್’. ಬರೆಯುವ ಚಿಹ್ನೆಗಳಿಗೆ ‘ಶಾಂತಿ, ನೆಮ್ಮದಿ’ ಎಂಬ ಅರ್ಥ. ಕಾಳಗದ ವಿದ್ಯೆಯ ಬಾಲಪಾಠಕ್ಕೆ ಶಾಂತಿಯ ಹೆಸರು ಬಂದದ್ದು ಚಿಂತನೀಯ ಸಂಗತಿ.

1908ರ ಅಕ್ಟೋಬರಿನಲ್ಲಿ ಇತೋಸು ಅವರು ಅಧಿಕಾರಿಗಳ ಅವಗಾಹನೆಗಾಗಿ ಹತ್ತು ಅಂಶಗಳ ಒಂದು ಪತ್ರವನ್ನು ಬರೆದರು. ಈ ವಿದ್ಯೆಯ ಗುರಿ ದೇಹದಾರ್ಢ್ಯವೇ ಹೊರತು ಎದುರಾದ ಒಬ್ಬ ವ್ಯಕ್ತಿಯನ್ನು ಬಡಿಯುವುದಲ್ಲವೆಂದೂ, ದಿನಕ್ಕೆ ಅಲ್ಪಕಾಲ ಅಭ್ಯಾಸ ಮಾಡಿದರೂ ಮೂರು ನಾಲ್ಕು ವರ್ಷಗಳಲ್ಲಿ ಫಲ ಕಾಣುವುದೆಂದೂ, ಪ್ರತಿಯೊಂದು ಕಾತಾವನ್ನೂ ದೇಹಪೋಷಣೆಗೆ ಅಭ್ಯಸಿಸಬೇಕೋ ಪ್ರಯೋಗಕ್ಕೆ ಅಭ್ಯಸಿಸಬೇಕೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕೆಂದೂ ಅವರು ಅದರಲ್ಲಿ ವಿವರಿಸಿದರು. ಮೊದಲು ಶಿಕ್ಷಕರ ತರಬೇತಿ ಶಾಲೆಯಲ್ಲಿ ಕಲಿಸಿ, ಅಲ್ಲಿಂದ ಹೊರಬಂದ ಅಧ್ಯಾಪಕರ ಮೂಲಕ ಊರೂರಿನ ಶಾಲೆಗಳಿಗೆ ಹರಡಬೇಕೆಂಬ ಸಲಹೆಯೂ ಅದರಲ್ಲಿತ್ತು. ಯೋಜನೆಯ ಬೆನ್ನೆಲುಬು ಅಧ್ಯಾಪಕನೆಂಬುದನ್ನು ಆ ಹಿರಿಯರು ಚೆನ್ನಾಗಿ ಅರಿತಿದ್ದರು.

ಇತೋಸು ಅವರ ಶಿಷ್ಯರಲ್ಲೊಬ್ಬರಾದ ಫುನಾಕೋಶಿ ಗಿಚಿನ್ (1868–1957) ಸ್ವತಃ ಶಾಲಾ ಶಿಕ್ಷಕರು. ಸುಮಾರು 30 ವರ್ಷ ಆ ವೃತ್ತಿಯಲ್ಲಿದ್ದವರು. 1922ರಲ್ಲಿ ತೋಕಿಯೋದಲ್ಲಿ ನಡೆದ ಪ್ರದರ್ಶನವೊಂದಕ್ಕೆ ತೆರಳಿದ ಅವರು ಅಲ್ಲಿಯೇ ನೆಲಸಿ ಈ ವಿದ್ಯೆಯನ್ನು ಜಪಾನಿನ ವಿಶ್ವವಿದ್ಯಾಲಯಗಳಲ್ಲಿ ಬಿತ್ತಿದರು. ಜೂಡೋ ಪದ್ಧತಿಯ ಪ್ರವರ್ತಕರಾದ ಕಾನೋ ಜಿಗೋರೋ ಅವರ ಪ್ರೋತ್ಸಾಹ ಅವರಿಗೆ ದೊರೆಯಿತು. ಬಿಳಿಯ ಉಡುಪೂ ಬಣ್ಣದ ನಡುಪಟ್ಟಿಯೂ ಜೂಡೋದಿಂದ ಕರಾಟೆಗೆ ಬಂದವು. ‘ಪಿನಾನ್’ ಎಂಬ ಹೆಸರನ್ನು ಜಪಾನೀ ಉಚ್ಚಾರಣೆಯಲ್ಲಿ ‘ಹೇಯಾನ್’ ಎಂದು ಕರೆದವರೂ ಅವರೇ. ಮೂಲದ ಎರಡನೆಯ ಕಾತಾ ಮೊದಲನೆಯದಕ್ಕಿಂತ ಸುಲಭವೆಂದು ಕಂಡುಬಂದುದರಿಂದ ಅವೆರಡರ ಸ್ಥಾನವನ್ನು ಅವರು ಅದಲುಬದಲು ಮಾಡಿದರು. ಹೀಗಾಗಿ ಫುನಾಕೋಶಿ ಪರಂಪರೆಯಾದ ಶೋತೋಕಾನ್ ಪದ್ಧತಿಯಲ್ಲಿ ‘ಹೇಯಾನ್ ಶೋದಾನ್’, ಅಂದರೆ ಮೊದಲ ಹಂತ, ಎನಿಸಿಕೊಳ್ಳುವುದು ಇತರ ಅನೇಕ ಪದ್ಧತಿಗಳಲ್ಲಿ ‘ಪಿನಾನ್ ನಿದಾನ್’, ಅಂದರೆ ಎರಡನೆಯ ಹಂತ, ಎನಿಸಿಕೊಳ್ಳುತ್ತದೆ. ಸುಲಭದಿಂದ ಕಠಿಣಕ್ಕೆ ಸಾಗಬೇಕೆಂಬುದು ಅಧ್ಯಾಪಕನ ದೃಷ್ಟಿ. ಅದೇ ಇಲ್ಲಿ ಕೆಲಸ ಮಾಡಿದೆ. ಮುಂದಿನ ವಿವರಣೆ ಶೋತೋಕಾನ್ ಕ್ರಮವನ್ನು ಅನುಸರಿಸಿದೆ.

ಕಾತಾ ಎಂದರೇನು

‘ಕಾತಾ’ ಎಂಬ ಶಬ್ದಕ್ಕೆ ರೂಪ, ಮಾದರಿ ಎಂಬ ಅರ್ಥಗಳಿವೆ. ಎದುರಾಳಿಗಳು ಬೇರೆಬೇರೆ ದಿಕ್ಕುಗಳಿಂದ ಬರುವರೆಂದು ಭಾವಿಸಿಕೊಂಡು, ನಿಯತವಾದ ಕ್ರಮದಲ್ಲಿ, ನಿಯತವಾದ ಗೆರೆಯ ಮೇಲೆ, ಒಬ್ಬನೇ ನಡೆಸುವ ಚಲನೆಗಳ ಸರಣಿಯೇ ಕಾತಾ. ಹೇಯಾನ್ ಶೋದಾನಿನಲ್ಲಿ 21 ಚಲನೆಗಳಿವೆ. ಅವುಗಳಲ್ಲಿ ತೋಳನ್ನು ಓರೆಯಾಗಿ ಕೆಳಕ್ಕೆ ಬೀಸಿ ಹೊಟ್ಟೆಯ ಮಟ್ಟದ ಪೆಟ್ಟನ್ನು ನಿವಾರಿಸುವ ಕೆಳತಡೆ (ಗೆದಾನ್-ಬರಾಯ್) 6. ಮುಂದೋಳನ್ನು ಹಣೆಯ ಮೇಲಕ್ಕೆತ್ತಿ ತಲೆಯನ್ನು ಕಾಯುವ ಮೇಲ್ತಡೆ (ಆಗೆ-ಉಕೆ) 3. ಬಿಚ್ಚಿದ ಹಸ್ತವನ್ನು ಕತ್ತಿಯ ಅಲಗಿನಂತೆ ಹಿಡಿದು ಮಾಡುವ ಹಸ್ತತಡೆ (ಶುತೋ-ಉಕೆ) 4. ಹೆಜ್ಜೆಯಿಟ್ಟು ನೀಡುವ ಮುಷ್ಟಿಪ್ರಹಾರ (ಓಯಿ-ಜುಕಿ) 7. ಮುಷ್ಟಿಯ ಕಿರುಬೆರಳ ಬದಿಯಿಂದ ಸುತ್ತಿಗೆಯಂತೆ ಹೊಡೆಯುವ ಪೆಟ್ಟು (ತೆತ್ಸುಯಿ) 1. ಇದರಲ್ಲಿ ಒದೆತವಿಲ್ಲ, ಜಿಗಿತವಿಲ್ಲ. ಒಟ್ಟು 21ರಲ್ಲಿ 13 ಚಲನೆಗಳು ತಡೆಗಳು, 8 ಮಾತ್ರ ಪ್ರಹಾರಗಳು. ಈ ಲೆಕ್ಕವೊಂದೇ ಕಾತಾದ ಸ್ವಭಾವವನ್ನು ಅರ್ಧ ಹೇಳಿಬಿಡುತ್ತದೆ.

ನಿಲುವು

ಕಟ್ಟಡಕ್ಕೆ ಬುನಾದಿಯಿದ್ದಂತೆ ಚಲನೆಗೆ ನಿಲುವು. ಇದನ್ನು ಜಪಾನೀ ಭಾಷೆಯಲ್ಲಿ ‘ದಾಚಿ’ ಎನ್ನುತ್ತಾರೆ. ಈ ಕಾತಾದಲ್ಲಿ ಮುಖ್ಯವಾದ ನಿಲುವುಗಳು ಎರಡೇ.

ಮೊದಲನೆಯದು ಮುಂಬಾಗಿದ ನಿಲುವು, ‘ಝೆಂಕುತ್ಸು-ದಾಚಿ’. ಕಾಲುಗಳ ಮುಂದುಹಿಂದಿನ ಅಂತರ ಹೆಗಲಗಲದ ಸುಮಾರು ಎರಡರಷ್ಟು. ಅಡ್ಡ ಅಂತರ ಸೊಂಟದಗಲದಷ್ಟು. ಮುಂಗಾಲಿನ ಮೊಣಕಾಲು ಪಾದದ ಮೇಲೆ ನೇರವಾಗಿ ಬರುವಂತೆ ಬಾಗಿರಬೇಕು. ಹಿಂಗಾಲು ನೀಳವಾಗಿ ಚಾಚಿ, ಅದರ ಹಿಮ್ಮಡಿ ನೆಲವನ್ನು ಬಿಡದೆ ಒತ್ತಿರಬೇಕು. ದೇಹಭಾರದಲ್ಲಿ ನೂರಕ್ಕೆ ಸುಮಾರು 60 ಭಾಗ ಮುಂಗಾಲಿಗೆ, 40 ಭಾಗ ಹಿಂಗಾಲಿಗೆ. ಮುಂದಕ್ಕೆ ಬಲ ಹಾಕುವ ಕೆಲಸಕ್ಕೆ ಇದು ತಕ್ಕ ನಿಲುವು: ಹಿಂಗಾಲು ನೆಲವನ್ನು ತಳ್ಳಿದಾಗ ಆ ಬಲ ಸೊಂಟದ ಮೂಲಕ ಏರಿ ತೋಳಿಗೆ ಸೇರುತ್ತದೆ. ಹಿಮ್ಮಡಿ ಮೇಲೆದ್ದರೆ ಈ ದಾರಿ ಕಡಿದುಹೋಗುತ್ತದೆ. ಆಗ ಹೊಡೆತ ಕೇವಲ ತೋಳಿನದಾಗುತ್ತದೆ.

ಎರಡನೆಯದು ಹಿಂಬಾಗಿದ ನಿಲುವು, ‘ಕೋಕುತ್ಸು-ದಾಚಿ’. ಇದರಲ್ಲಿ ಭಾರದ ಸುಮಾರು 70 ಭಾಗ ಹಿಂಗಾಲಿಗೆ, 30 ಭಾಗ ಮುಂಗಾಲಿಗೆ. ಎರಡೂ ಹಿಮ್ಮಡಿಗಳು ಒಂದೇ ಗೆರೆಯ ಮೇಲಿದ್ದು, ಪಾದಗಳು ಪರಸ್ಪರ ಲಂಬಕೋನದಲ್ಲಿರುತ್ತವೆ. ಹಿಂಗಾಲಿನ ಮೊಣಕಾಲು ಒಳಕ್ಕೆ ಕುಸಿಯದಂತೆ ಹೊರಕ್ಕೆ ಒತ್ತಿ ಹಿಡಿಯಬೇಕು. ಮುಖವೂ ಎದೆಯೂ ಎದುರಾಳಿಯಿಂದ ದೂರ ಸರಿದಿರುವುದರಿಂದ ಇದು ರಕ್ಷಣೆಯ ನಿಲುವು; ಹಗುರವಾಗಿ ನಿಂತ ಮುಂಗಾಲು ಸುಲಭವಾಗಿ ಸರಿಯಬಲ್ಲುದು. ಕಾತಾದ ಕೊನೆಯ ನಾಲ್ಕು ಹಸ್ತತಡೆಗಳು ಈ ನಿಲುವಿನಲ್ಲಿ ನಡೆಯುತ್ತವೆ. ಉಳಿದುದೆಲ್ಲವೂ ಮುಂಬಾಗಿದ ನಿಲುವಿನದೇ. ನಾಲ್ಕನೆಯ ಚಲನೆಯಲ್ಲಿ ಮಾತ್ರ ಮುಂಗಾಲನ್ನು ಸ್ವಲ್ಪ ಹಿಂದಕ್ಕೆಳೆದು, ಮೈಯನ್ನು ಎತ್ತಿ, ನಿಲುವನ್ನು ಕ್ಷಣಕಾಲ ಕಿರಿದುಗೊಳಿಸಲಾಗುತ್ತದೆ. ಮುಂಗೈಯನ್ನು ಹಿಡಿದವನಿಂದ ಕೈ ಬಿಡಿಸಿಕೊಂಡು ಸುತ್ತಿಗೆಯ ಪೆಟ್ಟು ಕೊಡುವ ಸಂದರ್ಭವದು.

ಪಾಠಕ್ರಮದ ಸೂಕ್ಷ್ಮತೆ ಇಲ್ಲಿ ಗಮನಾರ್ಹ. ವಿದ್ಯಾರ್ಥಿ ಒಂದೇ ನಿಲುವನ್ನು ಹದಿನಾರು ಬಾರಿ ಕಟ್ಟಿ, ಕೆಡವಿ, ಮತ್ತೆ ಕಟ್ಟಿದ ಮೇಲಷ್ಟೇ ಹೊಸ ನಿಲುವು ಅವನ ಮುಂದೆ ಬರುತ್ತದೆ; ಅದೂ ಕೈಯ ಕೆಲಸ ಹೊಸದಾಗುವ ಹೊತ್ತಿಗೆ ಸರಿಯಾಗಿ. ಹಳೆಯದು ಮೈಗೂಡುವ ಮೊದಲು ಹೊಸದನ್ನು ಹೇರಬಾರದೆಂಬ ಬೋಧನತತ್ತ್ವವನ್ನು ಯಾವ ಗ್ರಂಥದ ನೆರವೂ ಇಲ್ಲದೆ ಈ ಕಾತಾ ಪಾಲಿಸುತ್ತದೆ.

ನಿಲುವಿನ ಆಳ ಎಲ್ಲ ಕಾಲಕ್ಕೂ ಒಂದೇ ತೆರನಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಓಕಿನಾವಾದ ಶೋರಿನ್ ಪದ್ಧತಿಯಲ್ಲಿ ನಿಲುವುಗಳು ಇಂದಿಗೂ ಸಹಜ ನಡಿಗೆಗೆ ಸಮೀಪವಾಗಿ, ಎತ್ತರವಾಗಿವೆ. ಇಂದಿನ ಶೋತೋಕಾನಿನ ನೀಳವಾದ, ತಗ್ಗಾದ ನಿಲುವುಗಳು ಜಪಾನಿನಲ್ಲಿ ಬೆಳೆದವು. ಫುನಾಕೋಶಿಯವರ ಮೂರನೆಯ ಮಗ ಗಿಗೋ (1906–1945) ಇದರಲ್ಲಿ ಮುಖ್ಯ ಪಾತ್ರ ವಹಿಸಿದರು. ಆದುದರಿಂದ ಇದೊಂದೇ ಸರಿ, ಉಳಿದುದು ತಪ್ಪು ಎಂಬ ವಾದಕ್ಕೆ ಆಧಾರವಿಲ್ಲ.

ದಿಕ್ಕು

ಕಾತಾ ನಡೆಯುವ ನೆಲದ ಗೆರೆಗೆ ‘ಎಂಬುಸೆನ್’ ಎಂದು ಹೆಸರು. ಹೇಯಾನ್ ಶೋದಾನಿನ ಗೆರೆ ಸರಳವಾದುದು: ಕೆಳಗೊಂದು ಅಡ್ಡಗೆರೆ, ಮೇಲೊಂದು ಅಡ್ಡಗೆರೆ, ಅವೆರಡರ ಮಧ್ಯಬಿಂದುಗಳನ್ನು ಕೂಡಿಸುವ ಒಂದು ನಡುಗೆರೆ. ವಿದ್ಯಾರ್ಥಿ ಕೆಳಗಿನ ಅಡ್ಡಗೆರೆಯ ನಡುವೆ ಉತ್ತರಾಭಿಮುಖವಾಗಿ ನಿಂತಿದ್ದಾನೆಂದು ಭಾವಿಸಿದರೆ ದಿಕ್ಕುಗಳನ್ನು ಹೀಗೆ ವಿವರಿಸಬಹುದು.

ಮೊದಲು ಎಡಕ್ಕೆ, ಅಂದರೆ ಪಶ್ಚಿಮಕ್ಕೆ ತಿರುಗಿ ಕೆಳತಡೆ. ಮುಂದೆ ಹೆಜ್ಜೆಯಿಟ್ಟು ಮುಷ್ಟಿಪ್ರಹಾರ. ಬಲಬದಿಯಿಂದ ಹಿಂದಕ್ಕೆ ಅರ್ಧ ಸುತ್ತು ತಿರುಗಿ ಪೂರ್ವಾಭಿಮುಖವಾಗಿ ಕೆಳತಡೆ, ಸುತ್ತಿಗೆಯ ಪೆಟ್ಟು, ಮುಷ್ಟಿಪ್ರಹಾರ. ಅಲ್ಲಿಂದ ಎಡಕ್ಕೆ ಕಾಲು ಸುತ್ತು ತಿರುಗಿ ಉತ್ತರಾಭಿಮುಖವಾಗಿ ಕೆಳತಡೆ. ಅದೇ ದಿಕ್ಕಿನಲ್ಲಿ ಒಂದರ ಹಿಂದೊಂದು ಮೂರು ಮೇಲ್ತಡೆಗಳು. ಮೂರನೆಯದರೊಡನೆ, ಅಂದರೆ ಒಂಬತ್ತನೆಯ ಚಲನೆಯಲ್ಲಿ, ಹೊಟ್ಟೆಯಾಳದಿಂದ ಉಸಿರು ಸ್ಫೋಟಿಸುವ ‘ಕಿಯಾಯ್’ ಎಂಬ ಘೋಷ. ಈಗ ವಿದ್ಯಾರ್ಥಿ ಮೇಲಿನ ಅಡ್ಡಗೆರೆಯನ್ನು ಮುಟ್ಟಿದ್ದಾನೆ. ಎಡಬದಿಯಿಂದ ಮುಕ್ಕಾಲು ಸುತ್ತು ತಿರುಗಿ ಪೂರ್ವಕ್ಕೆ ಕೆಳತಡೆ, ಪ್ರಹಾರ. ಅರ್ಧ ಸುತ್ತು ತಿರುಗಿ ಪಶ್ಚಿಮಕ್ಕೆ ಕೆಳತಡೆ, ಪ್ರಹಾರ. ಬಳಿಕ ದಕ್ಷಿಣಕ್ಕೆ ತಿರುಗಿ ಕೆಳತಡೆ, ಮೂರು ಪ್ರಹಾರಗಳು. ಹದಿನೇಳನೆಯದಾದ ಕೊನೆಯ ಪ್ರಹಾರಕ್ಕೆ ಎರಡನೆಯ ಘೋಷ. ಮತ್ತೆ ಮುಕ್ಕಾಲು ಸುತ್ತು ತಿರುಗಿ ಪಶ್ಚಿಮಕ್ಕೆ ಒಂದು ಹಸ್ತತಡೆ, ವಾಯವ್ಯಕ್ಕೆ ಒಂದು. ಪೂರ್ವಕ್ಕೆ ಒಂದು, ಈಶಾನ್ಯಕ್ಕೆ ಒಂದು. ಕೊನೆಗೆ ಎಡಗಾಲನ್ನು ಹಿಂದೆ ಸೆಳೆದು ಆರಂಭದ ಸ್ಥಳದಲ್ಲಿ, ಆರಂಭದ ದಿಕ್ಕಿಗೆ ಮುಖಮಾಡಿ ನಿಂತರೆ ಕಾತಾ ಮುಗಿಯಿತು.

ಈ ವಿನ್ಯಾಸದಲ್ಲಿ ಎರಡು ವಿಶೇಷಗಳಿವೆ.

ಒಂದು: ಹೊಸ ಎದುರಾಳಿಗಾಗಿ ವಿದ್ಯಾರ್ಥಿ ಎಂಟು ಬಾರಿ ತಿರುಗುತ್ತಾನೆ. ಆ ಎಂಟೂ ಬಾರಿ ತಿರುಗಿದೊಡನೆ ಬರುವುದು ತಡೆಯೇ, ಒಮ್ಮೆಯೂ ಪ್ರಹಾರವಲ್ಲ. ಯಾವ ದಿಕ್ಕಿನಿಂದ ಯಾರು ಬಂದರೂ ಮೊದಲು ತನ್ನನ್ನು ಕಾಯ್ದುಕೊ, ಆಮೇಲೆ ಮುಂದಿನದು ಎಂಬುದೇ ಇದರ ಭಾವ. ಕರಾಟೆಯಲ್ಲಿ ಮೊದಲ ಏಟು ತನ್ನದಾಗಬಾರದೆಂಬ ನಿಯಮವನ್ನು ಫುನಾಕೋಶಿಯವರು ಜೀವನಪರ್ಯಂತ ಸಾರಿದರು. ಕಾಮಾಕುರಾದ ಎಂಗಾಕು-ಜಿ ದೇವಾಲಯದ ಆವರಣದಲ್ಲಿ 1968ರಲ್ಲಿ ಸ್ಥಾಪಿತವಾದ ಅವರ ಸ್ಮಾರಕಶಿಲೆಯ ಮೇಲೆ ಕೆತ್ತಿರುವುದೂ ಈ ತತ್ತ್ವವನ್ನೇ. ಆದರೆ ಬೋಧವಾಕ್ಯವಾಗಿ ಕಿವಿಗೆ ಬೀಳುವ ಮೊದಲೇ ಈ ನಿಯಮ ಕಾತಾದ ಮೂಲಕ ಬಾಲಕನ ಕೈಕಾಲುಗಳಿಗೆ ಇಳಿದಿರುತ್ತದೆ.

ಎರಡು: ಕಾತಾ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಉತ್ತರಕ್ಕೆ ನಾಲ್ಕು ನಿಲುವುಗಳು, ದಕ್ಷಿಣಕ್ಕೆ ನಾಲ್ಕು ನಿಲುವುಗಳು. ಎಲ್ಲ ನಿಲುವುಗಳ ಉದ್ದವೂ ಸಮನಾಗಿದ್ದರೆ ಮಾತ್ರ ವಿದ್ಯಾರ್ಥಿ ಹೊರಟ ಸ್ಥಳಕ್ಕೆ ಮರಳುತ್ತಾನೆ. ಆರಂಭದ ಉತ್ಸಾಹದಲ್ಲಿ ನೀಳವಾಗಿ ಹೆಜ್ಜೆಯಿಟ್ಟು, ಮರಳುವಾಗ ದಣಿದು ಕಿರಿದಾಗಿಸಿದರೆ ಹೊರಟ ಗುರುತಿಗಿಂತ ಮುಂದೆಯೇ ನಿಂತುಬಿಡುತ್ತಾನೆ. ತಿರುಗುವಾಗ ಕೋನ ತಪ್ಪಿದರೆ ಎಡಕ್ಕೋ ಬಲಕ್ಕೋ ಸರಿದಿರುತ್ತಾನೆ. ಗುರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕಾಲಡಿಯ ನೆಲವೇ ತಪ್ಪನ್ನು ತೋರಿಸುತ್ತದೆ. ಒಬ್ಬ ಅಧ್ಯಾಪಕ ನೂರು ಮಕ್ಕಳನ್ನು ಏಕಕಾಲಕ್ಕೆ ತಿದ್ದಲಾರನು. ಆದರೆ ಪ್ರತಿ ಮಗುವಿನ ಪಾದದ ಬಳಿ ಒಂದು ಗುರುತಿದ್ದರೆ, ಆ ನೂರು ಮಕ್ಕಳೂ ತಮ್ಮನ್ನು ತಾವೇ ಅಳೆದುಕೊಳ್ಳಬಲ್ಲರು.

ನಡೆಯ ತತ್ತ್ವಗಳು

ನಿಲುವು ಸ್ಥಿತಿ, ದಿಕ್ಕು ಗತಿಯ ಗುರಿ; ಇವೆರಡನ್ನೂ ಬೆಸೆಯುವುದು ನಡೆ. ಇದರ ಮುಖ್ಯ ನಿಯಮಗಳನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದು, ದೃಷ್ಟಿ ಮುಂದು, ದೇಹ ಹಿಂದು. ತಿರುಗುವ ಮುನ್ನ ತಲೆ ತಿರುಗಿ ಕಣ್ಣು ಹೊಸ ದಿಕ್ಕನ್ನು ನೋಡಬೇಕು. ಬಳಿಕ ಸೊಂಟ, ಬಳಿಕ ಕಾಲು, ಕೊನೆಯಲ್ಲಿ ಕೈ. ನೋಡದೆ ತಿರುಗುವುದು ಕುರುಡು ನಡೆ.

ಎರಡನೆಯದು, ಸಮನಾದ ಎತ್ತರ. ಹೆಜ್ಜೆಯಿಡುವಾಗ ತಲೆ ಮೇಲೆ ಕೆಳಗೆ ಏರಿಳಿಯಬಾರದು. ಹಿಂದಿನ ಪಾದ ನೆಲಕ್ಕೆ ಸಮೀಪವಾಗಿ ಸರಿಯುತ್ತ, ನಿಂತ ಕಾಲಿನ ಬಳಿ ಹಾದು, ಅರ್ಧಚಂದ್ರಾಕಾರವಾಗಿ ಹೊರಳಿ ಮುಂದೆ ನೆಲೆಗೊಳ್ಳಬೇಕು. ಏರಿಳಿದರೆ ಮುಂದಕ್ಕೆ ಹೋಗಬೇಕಾದ ಬಲ ಮೇಲಕ್ಕೆ ಹೋಗಿ ವ್ಯರ್ಥವಾಗುತ್ತದೆ.

ಮೂರನೆಯದು, ಸೊಂಟದ ಒಡೆತನ. ತಡೆಯುವಾಗ ಸೊಂಟ ಓರೆಯಾಗಿ ತಿರುಗಿರುತ್ತದೆ. ಹೊಡೆಯುವಾಗ ನೇರವಾಗಿ ಎದುರಾಗುತ್ತದೆ. ಇದನ್ನು ಬಾಗಿಲಿಗೆ ಹೋಲಿಸಬಹುದು: ಕದದ ತುದಿ ರಭಸದಿಂದ ಬೀಸಿ ಬರುವುದು ತುದಿಯ ಬಲದಿಂದಲ್ಲ, ಕೀಲಿನ ಸುತ್ತ ಇಡೀ ಕದ ತಿರುಗುವುದರಿಂದ. ಒಂದು ಕೈ ಮುಂದೆ ಹೋದಂತೆ ಇನ್ನೊಂದು ಕೈ ಅಷ್ಟೇ ವೇಗದಿಂದ ಹಿಂದೆ ಸೊಂಟಕ್ಕೆ ಸೇರಬೇಕು. ಇದಕ್ಕೆ ‘ಹಿಕಿತೆ’ ಎಂದು ಹೆಸರು.

ನಾಲ್ಕನೆಯದು, ತಿರುವಿನ ಮಿತವ್ಯಯ. ಮುಕ್ಕಾಲು ಸುತ್ತಿನ ತಿರುವು ಮಕ್ಕಳಿಗೆ ಅತ್ಯಂತ ಕಷ್ಟವಾದುದು. ಹತ್ತನೆಯ ಚಲನೆಯಲ್ಲಿ ಬಲಗಾಲು ಕೀಲಾಗಿ ನಿಲ್ಲುತ್ತದೆ, ಹಿಂದಿರುವ ಎಡಗಾಲು ಸರಿಯುತ್ತದೆ. ದೇಹ ಮುಕ್ಕಾಲು ಸುತ್ತು ತಿರುಗಿದರೂ ಆ ಎಡಪಾದ ದಕ್ಷಿಣದಿಂದ ಪೂರ್ವಕ್ಕೆ, ಅಂದರೆ ಕಾಲು ಸುತ್ತು ಮಾತ್ರ, ಸರಿದರೆ ಸಾಕು. ಇದನ್ನರಿಯದ ಮಗು ಕಾಲನ್ನು ದೊಡ್ಡದಾಗಿ ಬೀಸಿ ತೂಗಾಡುತ್ತದೆ; ಅರಿತ ಮಗು ಸೊಂಟವನ್ನು ತಿರುಗಿಸಿ, ಕಾಲನ್ನು ಸುಮ್ಮನೆ ಸರಿಸಿ ನೆಟ್ಟಗೆ ನಿಲ್ಲುತ್ತದೆ.

ಐದನೆಯದು, ಬಿಗಿ ಮತ್ತು ಸಡಿಲ. ಚಲನೆಯ ಉದ್ದಕ್ಕೂ ಸ್ನಾಯುಗಳು ಸಡಿಲವಾಗಿರಬೇಕು. ಗುರಿ ಮುಟ್ಟುವ ಕ್ಷಣದಲ್ಲಿ ಮಾತ್ರ ಇಡೀ ದೇಹ ಒಮ್ಮೆಗೇ ಬಿಗಿಯಾಗಿ, ಮರುಕ್ಷಣವೇ ಸಡಿಲಗೊಳ್ಳಬೇಕು. ಆ ಕ್ಷಣದ ಏಕೀಭಾವವನ್ನು ‘ಕಿಮೆ’ ಎನ್ನುತ್ತಾರೆ. ಬಲದ ಹೆಚ್ಚುಕಡಿಮೆ, ದೇಹದ ಹಿಗ್ಗುಕುಗ್ಗು, ವೇಗದ ತ್ವರಿತಮಂದ ಎಂಬ ಮೂರು ಜೋಡಿಗಳನ್ನು ಕಾತಾದ ಜೀವಾಳವೆಂದು ಆಚಾರ್ಯರು ಹೇಳುವುದುಂಟು. ಎಲ್ಲ ಚಲನೆಗಳನ್ನೂ ಒಂದೇ ವೇಗದಲ್ಲಿ, ಒಂದೇ ಬಿಗುವಿನಲ್ಲಿ ಮಾಡುವುದು ವಿರಾಮಚಿಹ್ನೆಗಳಿಲ್ಲದೆ ಗದ್ಯವನ್ನು ಓದಿದಂತೆ.

ಆರನೆಯದು, ಮುಗಿದ ಮೇಲೂ ಎಚ್ಚರ. ಕೊನೆಯ ಚಲನೆಯಾದೊಡನೆ ಮನಸ್ಸು ಚದುರಬಾರದು. ನಿಧಾನವಾಗಿ ಹಿಂದೆ ಸರಿದು, ನಿಂತು, ನಮಸ್ಕರಿಸುವವರೆಗೂ ಅವಧಾನ ಉಳಿದಿರಬೇಕು. ‘ಝಾನ್‌ಶಿನ್’, ಅಂದರೆ ಉಳಿದ ಮನಸ್ಸು, ಎಂಬುದು ಅದರ ಹೆಸರು.

ಶಾಲೆಗೆ ಬಂದಾಗ ಉಳಿದದ್ದು, ಅಳಿದದ್ದು

ಇಷ್ಟೆಲ್ಲ ಗುಣಗಳನ್ನು ಬಣ್ಣಿಸಿದ ಮೇಲೆ ಇನ್ನೊಂದು ಪಾರ್ಶ್ವವನ್ನು ಮರೆಮಾಚುವುದು ನ್ಯಾಯವಲ್ಲ. ಹಳೆಯ ಕ್ರಮದಲ್ಲಿ ಕಲಿಕೆ ಎಷ್ಟು ನಿಧಾನವಾಗಿತ್ತೆಂಬುದಕ್ಕೆ ಫುನಾಕೋಶಿಯವರ ಆತ್ಮಕಥೆಯೇ ಸಾಕ್ಷಿ. ರಾತ್ರಿಯ ಹೊತ್ತು ಗುರುವಿನ ಅಂಗಳದಲ್ಲಿ ಒಂದೇ ಕಾತಾವನ್ನು ತಿಂಗಳುಗಟ್ಟಲೆ ಮಾಡಿ, ಗುರು ತೃಪ್ತನಾಗುವವರೆಗೆ ಮುಂದಿನದಕ್ಕೆ ಹೋಗುವಂತಿರಲಿಲ್ಲ. ತೆಕ್ಕಿ ಎಂಬ ಮೂರು ಕಾತಾಗಳಿಗೇ ಅವರಿಗೆ ಹತ್ತು ವರ್ಷಗಳು ಹಿಡಿದವು. ಆ ಕ್ರಮದಲ್ಲಿ ಒಂದೊಂದು ಚಲನೆಯ ಪ್ರಯೋಜನವನ್ನೂ ಗುರು ಶಿಷ್ಯನ ಮೈಮುಟ್ಟಿ ತೋರಿಸಬಹುದಾಗಿತ್ತು. ಶಾಲೆಯ ಸಾಲಿನಲ್ಲಿ ಎಣಿಕೆಗೆ ತಕ್ಕಂತೆ ಎಲ್ಲರೂ ಒಟ್ಟಾಗಿ ಚಲಿಸುವಾಗ ಆ ಅರ್ಥವಿವರಣೆಗೆ ಅವಕಾಶ ಕುಗ್ಗಿತು. ಅಪಾಯಕಾರಿಯಾದ ಪ್ರಯೋಗಗಳನ್ನು ಎಳೆಯರಿಂದ ದೂರವಿಡುವುದೂ ಅಗತ್ಯವಾಯಿತು. ರೂಪ ಹರಡಿತು, ಅರ್ಥ ಹಲವೆಡೆ ಹಿಂದುಳಿಯಿತು. ಇತೋಸು ಅವರಲ್ಲಿ ಕಲಿತವರೇ ಆದ ಮೋತೋಬು ಚೋಕಿ (1870–1944) ಮೊದಲಾದವರು ಪ್ರಯೋಗವನ್ನೇ ಮುಂದಿಟ್ಟು ಬೇರೆ ದಾರಿ ಹಿಡಿದರು. ಈ ಭಿನ್ನಾಭಿಪ್ರಾಯ ಇಂದಿಗೂ ಜೀವಂತವಾಗಿದೆ.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಇನ್ನೊಂದುಂಟು. 1908ರ ಆ ಪತ್ರದಲ್ಲಿ, ಬಾಲ್ಯದಿಂದಲೇ ಈ ಅಭ್ಯಾಸ ಮಾಡಿದವರು ಮುಂದೆ ಸೈನ್ಯಕ್ಕೆ ಉಪಯುಕ್ತರಾಗುವರೆಂಬ ವಾದವನ್ನೂ ಇತೋಸು ಮಂಡಿಸಿದ್ದರು; ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ನನ ಗೆಲುವಿಗೆ ಶಾಲೆಯ ಆಟದ ಬಯಲೇ ತಳಹದಿಯಾಗಿತ್ತೆಂಬ ಪ್ರಸಿದ್ಧ ಮಾತನ್ನು ಉದಾಹರಿಸಿದ್ದರು. ರಷ್ಯದೊಡನೆ ಯುದ್ಧ ಮುಗಿಸಿ ಮೂರೇ ವರ್ಷಗಳಾಗಿದ್ದ ಅಂದಿನ ಜಪಾನಿನಲ್ಲಿ, ಸಣ್ಣ ಪ್ರಾಂತವೊಂದರ ವಿದ್ಯೆಗೆ ಮನ್ನಣೆ ದೊರಕಿಸಲು ಆ ವಾದ ಸಹಜವೇ ಇದ್ದಿರಬಹುದು. ಆದರೆ ಇತಿಹಾಸ ಅದನ್ನು ಬೇರೊಂದು ರೀತಿಯಲ್ಲಿ ನೆನಪಿಸುತ್ತದೆ. 1945ರ ವಸಂತದಲ್ಲಿ ಓಕಿನಾವಾ ರಣರಂಗವಾಯಿತು; ಸೈನಿಕರೂ ನಾಗರಿಕರೂ ಸೇರಿ ಮಡಿದವರ ಸಂಖ್ಯೆ 2 ಲಕ್ಷವನ್ನು ಮೀರಿತು. ದ್ವೀಪದ ಶಾಲೆಗಳ ಹುಡುಗರನ್ನು ವಿದ್ಯಾರ್ಥಿದಳಗಳಾಗಿ ಸೈನ್ಯಕ್ಕೆ ಸೇರಿಸಲಾಯಿತು. ಇತೋಸು ಅವರು ನಲವತ್ತು ವರ್ಷ ಹಿಂದೆ ಶಾಂತಿಯ ಹೆಸರಿನ ಕಾತಾಗಳನ್ನು ಕಲಿಸಲು ಕಾಲಿಟ್ಟಿದ್ದ ಅದೇ ಪ್ರಥಮ ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಗಳೂ ಅವರಲ್ಲಿದ್ದರು. ಅನೇಕರು ಮನೆಗೆ ಮರಳಲಿಲ್ಲ. ಅದೇ ವರ್ಷದ ವಿಮಾನದಾಳಿಯಲ್ಲಿ ತೋಕಿಯೋದ ಶೋತೋಕಾನ್ ಅಭ್ಯಾಸಮಂದಿರವೂ ನೆಲಸಮವಾಯಿತು.

ಇದಕ್ಕೆ ಕಾತಾವನ್ನು ಹೊಣೆಮಾಡುವುದು ಸರಿಯಲ್ಲ. ಆದರೆ ಸಾಲಾಗಿ ನಿಲ್ಲುವುದು, ಎಣಿಕೆಗೆ ಚಲಿಸುವುದು, ಆಜ್ಞೆಗೆ ಮರುಮಾತಾಡದಿರುವುದು ಇವು ತಮ್ಮಷ್ಟಕ್ಕೆ ಸದ್ಗುಣಗಳೂ ಅಲ್ಲ, ದುರ್ಗುಣಗಳೂ ಅಲ್ಲ. ಯಾವುದಕ್ಕಾಗಿ ಶಿಸ್ತು ಎಂಬ ಪ್ರಶ್ನೆಗೆ ಶಿಸ್ತೇ ಉತ್ತರ ಕೊಡಲಾರದು. ಆ ಉತ್ತರವನ್ನು ಕೊಡಬೇಕಾದವನು ಅಧ್ಯಾಪಕ, ಮತ್ತು ಅವನ ಬೆನ್ನ ಹಿಂದಿರುವ ಸಮಾಜ. ತಿರುಗಿದಾಗಲೆಲ್ಲ ಮೊದಲು ತಡೆ, ಹೊರಟಲ್ಲಿಗೇ ಮರಳಬೇಕೆಂಬ ನಿಯಮ, ಕೊನೆಯಲ್ಲಿ ನಮಸ್ಕಾರ ಇವುಗಳ ಅರ್ಥವನ್ನು ಬಿಡಿಸಿ ಹೇಳಿದರೆ ಈ ಕಾತಾ ಆತ್ಮಸಂಯಮದ ಪಾಠ. ಹೇಳದೆ ಬಿಟ್ಟರೆ ಅದೇ ಕಾತಾ ಬರಿಯ ಕವಾಯತು.

ಉಪಸಂಹಾರ

ಯುದ್ಧಾನಂತರ ಕರಾಟೆ ಜಗತ್ತಿನಾದ್ಯಂತ ಹಬ್ಬಿತು. 2020ರ ತೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಕಾತಾ ಸ್ಪರ್ಧೆಯೂ ಅದರಲ್ಲಿ ಸೇರಿತ್ತು. ಪುರುಷರ ವಿಭಾಗದ ಚಿನ್ನದ ಪದಕ ಓಕಿನಾವಾದವರೇ ಆದ ಕಿಯುನಾ ರ್ಯೋ ಅವರಿಗೆ ಸಂದಿತು. ಆದರೆ ಇತೋಸು ಅವರ ಯೋಜನೆಯ ನಿಜವಾದ ಫಲವನ್ನು ಪದಕಗಳಲ್ಲಿ ಅರಸಬೇಕಾಗಿಲ್ಲ. ಯಾವುದೋ ಊರಿನ ಶಾಲೆಯ ಬಯಲಿನಲ್ಲಿ ಹತ್ತು ವರ್ಷದ ಮಗುವೊಂದು ಮುಕ್ಕಾಲು ಸುತ್ತು ತಿರುಗಿ, ತೂಗಾಡದೆ ನಿಂತು, ಇಪ್ಪತ್ತೊಂದನೆಯ ಚಲನೆಯ ತರುವಾಯ ತನ್ನ ಪಾದದ ಕೆಳಗಿನ ಗುರುತನ್ನು ನೋಡಿಕೊಂಡು ಒಂದು ಗೇಣು ತಪ್ಪಿದ್ದೇನೆಂದು ತಾನೇ ಅರಿತುಕೊಳ್ಳುವಲ್ಲಿ ಆ ಫಲವಿದೆ.

ಕನ್ನಡದಲ್ಲಿ ‘ನಡೆ’ ಎಂಬ ಪದಕ್ಕೆ ಹೆಜ್ಜೆಯೆಂಬ ಅರ್ಥವೂ ಆಚಾರವೆಂಬ ಅರ್ಥವೂ ಉಂಟು. ‘ನಿಲುವು’ ಎಂಬುದಕ್ಕೆ ನಿಲ್ಲುವ ರೀತಿಯೆಂಬ ಅರ್ಥದೊಡನೆ ತಾಳಿದ ಧೋರಣೆಯೆಂಬ ಅರ್ಥವೂ ಉಂಟು. ನಡೆನುಡಿಗಳು ಒಂದಾಗಬೇಕೆಂದು ಶರಣರು ಬೋಧಿಸಿದ ನಾಡಿನ ಓದುಗರಿಗೆ ಈ ದ್ವಂದ್ವಾರ್ಥವನ್ನು ವಿವರಿಸಬೇಕಾಗಿಲ್ಲ. ದೂರದ ದ್ವೀಪವೊಂದರ ಹಿರಿಯ ಲಿಪಿಕಾರರು ಮಕ್ಕಳಿಗಾಗಿ ಕಟ್ಟಿದ ಇಪ್ಪತ್ತೊಂದು ಚಲನೆಗಳು ಮೊದಲನೆಯ ಅರ್ಥವನ್ನು ಕಲಿಸಬಲ್ಲವು. ಎರಡನೆಯ ಅರ್ಥವನ್ನು ಕಲಿಸುವ ಹೊಣೆ ಎಂದಿನಂತೆ ಅಧ್ಯಾಪಕರದು.